ಗೆಳೆಯರ ಜೊತೆ ಥಾಯ್ ಊಟ: ಉಪ್ಪು ಎಲ್ಲಿ ಅಡಗಿದೆ?



ಚೆನ್ನೈನಲ್ಲಿ ನೆಲೆಸಿರುವ ನಮ್ಮ ಕನ್ನಡದ ಮನೆಗಳಲ್ಲಿ ಈಗೀಗ ಒಂದು ಹೊಸ ರೂಢಿ ಕಾಣುತ್ತಿದ್ದೇನೆ. ತಿಂಗಳಿಗೆ ಒಂದೆರಡು ಸಲ, ಭಾನುವಾರ ಮಧ್ಯಾಹ್ನ, ಎರಡು ಮೂರು ಸಂಸಾರ ಸೇರಿ ಹತ್ತಿರದ ಥಾಯ್ ಹೋಟೆಲಿಗೆ ಹೋಗುವುದು. ಅಡ್ಯಾರ್ ಇರಲಿ, ಅಣ್ಣಾನಗರ ಇರಲಿ, ಓಎಂಆರ್ ಇರಲಿ, ಥಾಯ್ ಅಥವಾ 'ಏಷ್ಯನ್' ಎಂದು ಬೋರ್ಡು ಹಾಕಿದ ಒಂದು ಜಾಗ ಈಗ ದೂರವೇನಿಲ್ಲ. ಮಕ್ಕಳಿಗೆ ನೂಡಲ್ಸ್, ದೊಡ್ಡವರಿಗೆ ಗ್ರೀನ್ ಕರಿ, ಊರಿಂದ ಬಂದಿರುವ ಅಜ್ಜ ಅಜ್ಜಿಗೆ ಸೂಪು ಮತ್ತು ಬಿಳಿ ಅನ್ನ.

ಸೋಮವಾರ ಬಂದರೆ ನನ್ನ ಓಪಿಡಿಯಲ್ಲಿ ಇದೇ ಪ್ರಶ್ನೆ: "ಡಾಕ್ಟ್ರೇ, ಕರಿದದ್ದು ಮುಟ್ಟಲಿಲ್ಲ, ತುಪ್ಪ ಇರಲಿಲ್ಲ, ಸ್ವೀಟು ತಿನ್ನಲಿಲ್ಲ. ಬರೀ ಸೂಪು, ತರಕಾರಿ, ಅನ್ನ. ಆದರೂ ಬಿಪಿ ಯಾಕೆ ಏರಿತು? ಕಾಲು ಯಾಕೆ ಊದಿದೆ?"

ಉತ್ತರ ಒಂದೇ ಪದ. ಉಪ್ಪು.

"ಉಪ್ಪೇ ಇರಲಿಲ್ಲವಲ್ಲ ಡಾಕ್ಟ್ರೇ, ಹುಳಿ ಸಿಹಿಯಾಗಿತ್ತು" ಅನ್ನುತ್ತಾರೆ. ಸುಳ್ಳು ಹೇಳುತ್ತಿಲ್ಲ ಅವರು. ಅವರ ನಾಲಿಗೆ ಅವರಿಗೆ ಹೇಳಿದ್ದೇ ಹಾಗೆ. ಥಾಯ್ ಅಡುಗೆಯ ಜಾಣತನ ಇರುವುದೇ ಅಲ್ಲಿ. ಥಾಯ್ಲೆಂಡಿನ ನೂಡಲ್ಸ್ ಅಂಗಡಿಗಳಲ್ಲಿ ಮೇಜಿನ ಮೇಲೆ ನಾಲ್ಕು ಬಟ್ಟಲು ಇಟ್ಟಿರುತ್ತಾರೆ: ಸಕ್ಕರೆ, ಒಣಮೆಣಸಿನ ಪುಡಿ, ಮೆಣಸಿನಕಾಯಿ ಹಾಕಿದ ವಿನಿಗರ್, ಮೆಣಸಿನಕಾಯಿ ಹಾಕಿದ ಫಿಶ್ ಸಾಸ್. ಸಿಹಿ, ಖಾರ, ಹುಳಿ, ಉಪ್ಪು. ನಾಲ್ಕೂ ಒಂದನ್ನೊಂದು ತೂಗುತ್ತವೆ. ತಾಳೆಬೆಲ್ಲ, ಹುಣಸೆಹಣ್ಣು, ನಿಂಬೆರಸ ಸೇರಿದ ಮೇಲೆ ಉಪ್ಪು ಎಷ್ಟಿದೆ ಎಂದು ನಾಲಿಗೆಗೆ ಗೊತ್ತಾಗುವುದಿಲ್ಲ. ನಮ್ಮ ಸಾರಿಗೆ ಉಪ್ಪು ಒಂದು ಚಿಟಿಕೆ ಹೆಚ್ಚಾದರೆ ಮನೆಮಂದಿಗೆಲ್ಲ ಗೊತ್ತಾಗುತ್ತದೆ. ಇಲ್ಲಿ ಮೂರು ಚಿಟಿಕೆ ಹೆಚ್ಚಾದರೂ ಯಾರಿಗೂ ಗೊತ್ತಾಗುವುದಿಲ್ಲ. ಹಾಗಾಗಿ "ಮೇಲೆ ಉಪ್ಪು ಹಾಕಿಕೊಳ್ಳಬೇಡಿ" ಎಂದು ನಾವು ವೈದ್ಯರು ಕೊಡುವ ಮಾಮೂಲು ಸಲಹೆ ಇಲ್ಲಿ ಕೆಲಸಕ್ಕೆ ಬಾರದು. ಹಾಕುವವರು ಆಗಲೇ ಅಡುಗೆಮನೆಯಲ್ಲಿ ಹಾಕಿಬಿಟ್ಟಿರುತ್ತಾರೆ.

ಸ್ವಲ್ಪ ಲೆಕ್ಕ ನೋಡೋಣ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ 2,000 ಮಿಲಿಗ್ರಾಂ ಸೋಡಿಯಂ. ಒಂದು ಟೀ ಚಮಚ ತುಂಬ ಆಗುವಷ್ಟು, ಮೂರು ಹೊತ್ತಿಗೂ ಸೇರಿ. ಒಂದು ದೊಡ್ಡ ಚಮಚ ಫಿಶ್ ಸಾಸ್‌ನಲ್ಲಿ ಸುಮಾರು 1,400 ಮಿಲಿಗ್ರಾಂ ಸೋಡಿಯಂ ಇದೆ, ಅಂದರೆ ಮೂರೂವರೆ ಗ್ರಾಂ ಉಪ್ಪು. ಅಷ್ಟೇ ಸೋಯಾ ಸಾಸ್‌ನಲ್ಲಿ ಸುಮಾರು 900. ನಿಮ್ಮ ತಟ್ಟೆಯ ಪ್ಯಾಡ್ ಥಾಯ್‌ಗೆ ಒಂದು ಚಮಚ ಫಿಶ್ ಸಾಸ್, ಸೂಪಿಗೆ ಒಂದು ಚಮಚ ಸೋಯಾ ಸಾಸ್ ಬಿತ್ತು ಅಂದುಕೊಳ್ಳಿ. ಇಡೀ ದಿನದ ಪಾಲು ಮಧ್ಯಾಹ್ನ ಎರಡು ಗಂಟೆಗೇ ಮುಗಿಯಿತು. ಬೆಳಗಿನ ಇಡ್ಲಿ ಸಾಂಬಾರು, ರಾತ್ರಿಯ ಮೊಸರನ್ನ ಉಪ್ಪಿನಕಾಯಿ ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ಇದರ ಅರ್ಥ ಏನು ಎಂದು ನನ್ನ ರೋಗಿಗಳಿಗೆ ಸಲೈನ್ ಬಾಟಲಿ ತೋರಿಸಿ ಹೇಳುತ್ತೇನೆ. ಆಸ್ಪತ್ರೆಯಲ್ಲಿ ಡ್ರಿಪ್ ಹಾಕುವ ಅರ್ಧ ಲೀಟರಿನ ಬಾಟಲಿಯಲ್ಲಿ ಇರುವುದು ನಾಲ್ಕೂವರೆ ಗ್ರಾಂ ಉಪ್ಪು. ನಮ್ಮ ದೇಹದ ರಕ್ತದಲ್ಲೂ ಉಪ್ಪು ಹೆಚ್ಚುಕಡಿಮೆ ಅದೇ ಹದದಲ್ಲಿರುತ್ತದೆ. ಹೆಚ್ಚು ಉಪ್ಪು ಒಳಗೆ ಹೋದರೆ ಆ ಹದ ಕಾಯಲು ದೇಹ ನೀರು ಹಿಡಿದಿಟ್ಟುಕೊಳ್ಳುತ್ತದೆ, ಬಾಯಾರಿಕೆ ಹುಟ್ಟಿಸಿ ಇನ್ನಷ್ಟು ಕುಡಿಸುತ್ತದೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂದು ನಮ್ಮ ಹಿರಿಯರು ಬೇರೆ ಅರ್ಥದಲ್ಲಿ ಹೇಳಿದರೂ ಶರೀರಶಾಸ್ತ್ರ ಅದೇ. ಗಟ್ಟಿಮುಟ್ಟಾದ ಕಿಡ್ನಿ ಒಂದೆರಡು ದಿನದಲ್ಲಿ ಆ ಹೆಚ್ಚುವರಿಯನ್ನು ಹೊರಹಾಕುತ್ತದೆ. ವಯಸ್ಸಾದವರು, ಬಿಪಿ, ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇರುವವರಲ್ಲಿ ಇದು ನಿಧಾನ. ಹೃದಯದ ಪಂಪಿಂಗ್ ಕಡಿಮೆ ಇರುವವರಲ್ಲಂತೂ ಆ ನೀರು ಶ್ವಾಸಕೋಶಕ್ಕೆ ಹೋಗಿ ಕೂರುತ್ತದೆ.

ಕಳೆದ ವರ್ಷ ಹೀಗೇ ಆಯಿತು. ಹೆಸರು, ಊರು ಬೇಡ. ಮಗನ ಮನೆಗೆ ಬಂದಿದ್ದ ಅರವತ್ತಾರರ ತಾಯಿ, ಮೊದಲೇ ಪಂಪಿಂಗ್ ಕಡಿಮೆ, ಮಾತ್ರೆಗಳ ಮೇಲೆ ಚೆನ್ನಾಗಿಯೇ ಇದ್ದರು. ಭಾನುವಾರ ಮಗನ ಗೆಳೆಯರ ಜೊತೆ ಥಾಯ್ ಊಟ. ಹೊರಗೆ ಹೋದರೆ ಪದೇ ಪದೇ ಬಾತ್‌ರೂಮಿಗೆ ಏಳಬೇಕಾಗುತ್ತದೆ ಎಂಬ ಸಂಕೋಚಕ್ಕೆ ಅವತ್ತಿನ ನೀರಿನ ಮಾತ್ರೆ ಬಿಟ್ಟಿದ್ದಾರೆ. ಸೂಪು ರುಚಿಯಾಗಿತ್ತೆಂದು ಎರಡು ಬಟ್ಟಲು. ಮಂಗಳವಾರ ಬೆಳಗಿನ ಜಾವ ಮೂರು ಗಂಟೆಗೆ ಮಲಗಲಾಗದೆ, ಎದ್ದು ಕೂತು ಏದುಸಿರು ಬಿಡುತ್ತಾ ಎಮರ್ಜೆನ್ಸಿಗೆ ಬಂದರು. ಮೂರು ದಿನ ಐಸಿಯು. ಮಗ ಕಣ್ಣೀರು ಹಾಕಿಕೊಂಡು ಕೇಳಿದ್ದು, "ಸಾರ್, ಏನೂ ಹೆವಿ ತಿನ್ನಿಸಲಿಲ್ಲವಲ್ಲ!"

ಹೆವಿ, ಲೈಟ್ ಎಂಬ ಈ ಮಾತೇ ನಮ್ಮನ್ನು ದಾರಿ ತಪ್ಪಿಸುತ್ತಿರುವುದು. ಎಣ್ಣೆ ಕಂಡರೆ ಹೆವಿ, ಕಾಣದಿದ್ದರೆ ಲೈಟ್. ಉಪ್ಪು ಕಣ್ಣಿಗೆ ಕಾಣುವುದಿಲ್ಲ, ಅದಕ್ಕೇ ಅದರ ಹೆಸರು ಆ ಪಟ್ಟಿಯಲ್ಲಿ ಇಲ್ಲ.

ಹಾಗಾದರೆ ಹೋಗಲೇಬೇಡಿ ಎನ್ನುತ್ತೇನೆಯೇ? ಖಂಡಿತ ಇಲ್ಲ. ಹೊರಗಿನ ಊಟ ಸಂಪೂರ್ಣ ಬಂದ್ ಎಂದು ಚೀಟಿಯಲ್ಲಿ ಬರೆದುಕೊಡುವುದು ಸುಲಭ, ಆದರೆ ನನ್ನ ಮಟ್ಟಿಗೆ ಅದು ಸರಿಯಾದ ವೈದ್ಯವಲ್ಲ. ಪರಊರಿನಲ್ಲಿ ಇರುವವರಿಗೆ ಅಣ್ಣತಮ್ಮಂದಿರು, ಅತ್ತೆ ಮಾವ, ಪಕ್ಕದ ಬೀದಿಯ ಚಿಕ್ಕಮ್ಮ, ಎಲ್ಲವೂ ಈ ನಾಲ್ಕು ಗೆಳೆಯರೇ. ಕನ್ನಡದಲ್ಲಿ ಜೋರಾಗಿ ನಗುವುದಕ್ಕೆ ಸಿಗುವ ಎರಡು ಗಂಟೆ ಅದು. ಹಾರ್ಟ್ ಅಟ್ಯಾಕ್ ಆದಮೇಲೆ ಮನೆಯೊಳಗೇ ಮುದುರಿ ಕೂತವರನ್ನು ನೋಡಿದ್ದೇನೆ. ಅವರು ಮಾತ್ರೆಯನ್ನೂ ಸರಿಯಾಗಿ ತೆಗೆದುಕೊಳ್ಳುವುದಿಲ್ಲ, ವಾಕಿಂಗೂ ಹೋಗುವುದಿಲ್ಲ. ಇನ್ನೊಂದು ಮಾತು: ಈ ಊರಿಗೆ ಹೋಟೆಲ್ ಊಟದ ರುಚಿ ಹತ್ತಿಸಿದವರಲ್ಲಿ ನಮ್ಮ ಕಡೆಯವರೇ ಮುಂದು. ಉಡುಪಿ ಸೀಮೆಯಿಂದ ಬಂದ ಕೆ. ಕೃಷ್ಣರಾಯರು 1938ರಲ್ಲಿ ಮದ್ರಾಸಿನಲ್ಲಿ ವುಡ್‌ಲ್ಯಾಂಡ್ಸ್ ಶುರುಮಾಡಿದರು. ಕೆಥೆಡ್ರಲ್ ರಸ್ತೆಯ ಡ್ರೈವ್-ಇನ್ ವುಡ್‌ಲ್ಯಾಂಡ್ಸ್ 1962ರಿಂದ 2008ರವರೆಗೆ ನಡೆಯಿತು, ಈಗ ಅಲ್ಲಿ ಸೆಮ್ಮೊಳಿ ಪೂಂಗಾ ಇದೆ. ಅಲ್ಲಿ ಒಂದು ಕಾಫಿ ಇಟ್ಟುಕೊಂಡು ಗಂಟೆಗಟ್ಟಲೆ ಹರಟಿದವರನ್ನು ಕೇಳಿ, ಹೊಟ್ಟೆಗಿಂತ ಮಾತಿಗೇ ಹೋಗುತ್ತಿದ್ದೆವು ಅನ್ನುತ್ತಾರೆ. ಹೋಗಿ. ಆದರೆ ಆರ್ಡರ್ ಮಾಡುವ ರೀತಿ ಬದಲಾಯಿಸಿ.

ಮೊದಲನೆಯದಾಗಿ, ಥಾಯ್ ಜನ ಉಣ್ಣುವ ಹಾಗೆ ಉಣ್ಣಿ. ಅವರ ಮನೆ ಊಟದಲ್ಲಿ ನಡುವೆ ಬಿಳಿ ಅನ್ನ, ಸುತ್ತ ಎರಡು ಮೂರು ಪದಾರ್ಥ, ಎಲ್ಲರೂ ಅದರಿಂದ ಒಂದೊಂದು ಚಮಚ ಬಡಿಸಿಕೊಳ್ಳುತ್ತಾರೆ. ಆ ಅನ್ನಕ್ಕೆ ಉಪ್ಪು ಹಾಕುವುದಿಲ್ಲ, ನಮ್ಮ ಮನೆಯ ಅನ್ನದ ಹಾಗೆಯೇ. ಪದಾರ್ಥದ ಉಪ್ಪು ಅನ್ನದ ಜೊತೆ ಹಂಚಿಹೋಗಲಿ ಎಂಬುದೇ ಆ ಊಟದ ಲೆಕ್ಕ. ನಾವು ಮಾಡುವುದೇನು? ಒಬ್ಬೊಬ್ಬರಿಗೂ ಒಂದೊಂದು ಪ್ಲೇಟ್ ನೂಡಲ್ಸ್ ಅಥವಾ ಫ್ರೈಡ್ ರೈಸ್, ಅದರ ಮೇಲೆ ಗ್ರೇವಿ. ಉಪ್ಪಿನ ಮೇಲೆ ಉಪ್ಪು! ಆರು ಜನಕ್ಕೆ ಒಂದು ನೂಡಲ್ಸ್, ಎರಡು ಕರಿ, ಒಂದು ಹಬೆಯಲ್ಲಿ ಬೆಂದ ಪದಾರ್ಥ, ಉಳಿದದ್ದು ಬಿಳಿ ಅನ್ನ. ಬಿಲ್ಲೂ ಕಡಿಮೆ.

ಸೂಪಿನ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಟಾಮ್ ಯಮ್‌ನಲ್ಲಿರುವ ಅಣಬೆ, ತರಕಾರಿ, ಮಾಂಸ ತಿನ್ನಿ, ನಾಲ್ಕು ಚಮಚ ರಸ ಕುಡಿಯಿರಿ, ಉಳಿದದ್ದು ಬಟ್ಟಲಲ್ಲೇ ಇರಲಿ. ಅದರಲ್ಲಿ ಮಜ್ಜಿಗೆಹುಲ್ಲು ಇದೆ, ಶುಂಠಿಯ ಜಾತಿಯ ಬೇರು ಇದೆ, ಔಷಧಿ ಇದ್ದ ಹಾಗೆ ಎಂದು ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಿ. ಅವೆಲ್ಲ ಒಳ್ಳೆಯವೇ. ಉಪ್ಪನ್ನು ಮಾತ್ರ ಅವು ಕಡಿಮೆ ಮಾಡುವುದಿಲ್ಲ.

ಕೇಳುವುದಕ್ಕೆ ನಾಚಿಕೆ ಬೇಡ. "ಉಪ್ಪು ಕಮ್ಮಿ" ಅಂದರೆ ತಮಿಳಿನಲ್ಲೂ ಅದೇ ಅರ್ಥ, ಅಷ್ಟರಮಟ್ಟಿಗೆ ನಮಗೆ ಅನುಕೂಲ. ಆದರೆ ಏನನ್ನು ಕೇಳಬೇಕು ಎಂದು ಗೊತ್ತಿರಲಿ. ಕರಿಯ ಮಸಾಲೆ ಮೊದಲೇ ರುಬ್ಬಿ ಇಟ್ಟಿರುತ್ತಾರೆ, ಅದರ ಉಪ್ಪು ಕಡಿಮೆ ಮಾಡುವುದು ಅವರ ಕೈಯಲ್ಲೂ ಇಲ್ಲ. ಬಾಣಲೆಯಲ್ಲಿ ಆಗಿಂದಾಗ್ಗೆ ಹುರಿದುಕೊಡುವ ಪದಾರ್ಥಕ್ಕೆ "ಸಾಸ್ ಅರ್ಧ ಹಾಕಿ" ಅಂದರೆ ಹಾಕಿಕೊಡುತ್ತಾರೆ.

ಸಸ್ಯಾಹಾರಿಗಳಿಗೆ ಎರಡು ಮಾತು. ಥಾಯ್ ಕರಿಯ ಮಸಾಲೆಯಲ್ಲಿ ಸಾಮಾನ್ಯವಾಗಿ ಸಿಗಡಿಯ ಪೇಸ್ಟ್ ಇರುತ್ತದೆ, ತರಕಾರಿ ಕರಿ ಎಂದ ಮಾತ್ರಕ್ಕೆ ಶುದ್ಧ ಸಸ್ಯಾಹಾರ ಎಂದುಕೊಳ್ಳದೆ ಕೇಳಿ ತಿಳಿದುಕೊಳ್ಳಿ. ಸಸ್ಯಾಹಾರಕ್ಕೆಂದೇ ಬೇರೆ ಮಾಡುವ ಕಡೆ ಫಿಶ್ ಸಾಸ್ ಬದಲು ಸೋಯಾ ಸಾಸ್ ಬರುತ್ತದೆ. ಧರ್ಮ ಉಳಿಯಿತು, ಉಪ್ಪು ಹಾಗೇ ಉಳಿಯಿತು.

ಅಜಿನೊಮೊಟೊ ಬಗ್ಗೆಯೂ ಕೇಳುತ್ತೀರಿ. ಇದರ ಬಗ್ಗೆ ಬರುವ ಫಾರ್ವರ್ಡ್‌ಗಳನ್ನು ಓದಿ ಓದಿ ನನಗೆ ಸಾಕಾಗಿದೆ. ಅದರಲ್ಲಿ ಸೋಡಿಯಂ ಇರುವುದು ಸುಮಾರು ಶೇ. 12, ಅಡುಗೆ ಉಪ್ಪಿನಲ್ಲಿ ಸುಮಾರು ಶೇ. 40. ಭಯಪಡಬೇಕಾದದ್ದು ಯಾವುದಕ್ಕೆ ಎಂದು ನೀವೇ ನೋಡಿ.

ತೆಂಗಿನಹಾಲಿನ ಬಗ್ಗೆ ಮಂಗಳೂರು, ಕುಂದಾಪುರದ ಕಡೆಯವರು ನನ್ನ ಜೊತೆ ಜಗಳಕ್ಕೇ ಬರುತ್ತಾರೆ. "ನಮ್ಮಜ್ಜ ದಿನಾ ತೆಂಗಿನಕಾಯಿ ತಿಂದು ತೊಂಬತ್ತು ಬದುಕಿದರು." ನಿಜ ಇರಬಹುದು. ಆ ಅಜ್ಜ ಒಂದು ಕಾಯಿಯನ್ನು ಹತ್ತು ಜನಕ್ಕೆ ಹಂಚಿ ತಿಂದು ಗದ್ದೆಗೆ ಇಳಿಯುತ್ತಿದ್ದರು. ದಪ್ಪ ತೆಂಗಿನಹಾಲಿನ 100 ಮಿಲಿಲೀಟರಿನಲ್ಲಿ ಸುಮಾರು 18 ಗ್ರಾಂ ಸ್ಯಾಚುರೇಟೆಡ್ ಕೊಬ್ಬು ಇದೆ, ದಿನಕ್ಕೆ 2,000 ಕ್ಯಾಲೊರಿ ತಿನ್ನುವವರ ಮಿತಿ ಸುಮಾರು 22. ಗ್ರೀನ್ ಕರಿಯಲ್ಲಿ ಹೋಳುಗಳನ್ನು ಆರಿಸಿಕೊಂಡು ಗ್ರೇವಿಯನ್ನು ಬಿಟ್ಟರೆ ಉಪ್ಪೂ ಉಳಿಯಿತು, ಕೊಬ್ಬೂ ಉಳಿಯಿತು. ಕಂಡೆನ್ಸ್ಡ್ ಮಿಲ್ಕ್ ಸುರಿದ ಥಾಯ್ ಐಸ್ ಟೀ ಸಕ್ಕರೆ ಕಾಯಿಲೆಯವರಿಗಂತೂ ಬೇಡವೇ ಬೇಡ.

ಚೆನ್ನೈ ಸೆಖೆಯಲ್ಲಿ ಬೆವರುತ್ತೇವೆ, ಉಪ್ಪು ಬೇಕು ಎನ್ನುವ ವಾದವೂ ಇದೆ. ಬಿಸಿಲಲ್ಲಿ ಗಾರೆ ಕೆಲಸ ಮಾಡುವವರು ಹೇಳಿದರೆ ಒಪ್ಪುತ್ತೇನೆ. ಏಸಿ ಮನೆಯಿಂದ ಏಸಿ ಕಾರಿನಲ್ಲಿ ಏಸಿ ಹೋಟೆಲಿಗೆ ಹೋದವರಿಗೆ ಅದು ಅನ್ವಯಿಸುವುದಿಲ್ಲ.

ಮನೆಯಲ್ಲಿ 'ಲೋ ಸೋಡಿಯಂ' ಉಪ್ಪು ತಂದುಬಿಟ್ಟರೆ ಹೊರಗಿನದ್ದಕ್ಕೆ ಸರಿಹೋಗುತ್ತದೆಯೇ? ಅದರಲ್ಲಿ ಸೋಡಿಯಂ ಬದಲು ಸ್ವಲ್ಪ ಪೊಟ್ಯಾಸಿಯಂ ಇರುತ್ತದೆ. ಚೀನಾದ 600 ಹಳ್ಳಿಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಇಂಥ ಉಪ್ಪಿನಿಂದ ಪಾರ್ಶ್ವವಾಯು ಶೇ. 14ರಷ್ಟು ಕಡಿಮೆಯಾಯಿತು. ಒಳ್ಳೆಯ ಸುದ್ದಿಯೇ. ಆದರೆ ಕಿಡ್ನಿ ತೊಂದರೆ ಇರುವವರು, ಟೆಲ್ಮಿಸಾರ್ಟಾನ್, ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್‌ನಂಥ ಮಾತ್ರೆ ತೆಗೆದುಕೊಳ್ಳುವವರು ತಮ್ಮ ವೈದ್ಯರನ್ನು ಕೇಳದೆ ಬಳಸಬೇಡಿ. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ತಪ್ಪಬಹುದು.

ಮೆನುವಿನಲ್ಲಿ ಪೊಮೆಲೊ ಸಲಾಡ್ ಎಂದು ಕಂಡರೆ ಅದು ನಮ್ಮ ಚಕ್ಕೋತವೇ, ದೇವನಹಳ್ಳಿಯ ಕಡೆಯವರಿಗೆ ಹೇಳಬೇಕಾಗಿಲ್ಲ. ಗ್ರೇಪ್‌ಫ್ರೂಟ್‌ನ ಬಳಗಕ್ಕೆ ಸೇರಿದ್ದು, ಕೊಲೆಸ್ಟರಾಲಿನ ಕೆಲವು ಮಾತ್ರೆಗಳ ಮಟ್ಟವನ್ನು ರಕ್ತದಲ್ಲಿ ಹೆಚ್ಚಿಸಬಲ್ಲದು. ಅಪರೂಪಕ್ಕೆ ನಾಲ್ಕು ತೊಳೆ ತಿಂದರೆ ಚಿಂತೆಯಿಲ್ಲ, ದಿನಾ ತಿನ್ನುವ ಅಭ್ಯಾಸವಿದ್ದರೆ ವೈದ್ಯರಿಗೆ ತಿಳಿಸಿ.

ಹೊರಗೆ ಊಟಕ್ಕೆ ಹೋಗುವ ದಿನ ಯಾವ ಮಾತ್ರೆಯನ್ನೂ ಬಿಡಬೇಡಿ. ನೀರಿನ ಮಾತ್ರೆಯ ಹೊತ್ತು ತೊಂದರೆ ಕೊಡುತ್ತಿದ್ದರೆ ಅದನ್ನು ಮನೆಗೆ ಬಂದಮೇಲೆ ತೆಗೆದುಕೊಳ್ಳಬಹುದೇ ಎಂದು ಮೊದಲೇ ಕೇಳಿಟ್ಟುಕೊಳ್ಳಿ, ಬಹಳ ಜನರಿಗೆ ಇದಕ್ಕೆ ಒಪ್ಪಿಗೆ ಸಿಗುತ್ತದೆ. ಅವತ್ತು ರಾತ್ರಿ ಮನೆಯಲ್ಲಿ ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ ಡಬ್ಬ ಮೇಲಿನ ಶೆಲ್ಫಿನಲ್ಲೇ ಇರಲಿ. ಹಾರ್ಟ್ ಫೇಲ್ಯೂರ್ ಇರುವವರು ಮಾರನೆಯ ಬೆಳಿಗ್ಗೆ ಎದ್ದ ಕೂಡಲೇ ತೂಕ ನೋಡಿ. ಎರಡು ಮೂರು ದಿನದಲ್ಲಿ 2 ಕಿಲೋ ಏರಿದರೆ ಅದು ಕೊಬ್ಬಲ್ಲ, ನೀರು. ಅವತ್ತೇ ಫೋನ್ ಮಾಡಿ, ಉಸಿರು ಕಟ್ಟುವವರೆಗೆ ಕಾಯಬೇಡಿ.

ಕೊನೆಗೆ ಇದೊಂದನ್ನು ದಯವಿಟ್ಟು ಮನೆಯವರಿಗೆಲ್ಲ ಓದಿ ಹೇಳಿ. ಖಾರದ ಭರ್ಜರಿ ಊಟ ಆದಮೇಲೆ ಎದೆ ಭಾರವಾದರೆ, ಉರಿದರೆ, ಎಲ್ಲರ ಬಾಯಲ್ಲೂ ಬರುವುದು "ಗ್ಯಾಸು". ಸೋಡಾ ಕುಡಿಸುತ್ತಾರೆ, ಸ್ವಲ್ಪ ನಡೆದಾಡು ಅನ್ನುತ್ತಾರೆ. ಹೊಟ್ಟೆ ತುಂಬ ಉಂಡಾಗ ಹೃದಯದ ಕೆಲಸ ಹೆಚ್ಚುತ್ತದೆ, ಅದರ ಮೇಲೆ ಬಿಸಿಲಲ್ಲಿ ಕಾರಿನವರೆಗೆ ನಡೆದಾಗ ಇನ್ನೂ ಹೆಚ್ಚುತ್ತದೆ. ನಡೆದರೆ ಜಾಸ್ತಿಯಾಗುವ ಭಾರ, ಜೊತೆಗೆ ಬೆವರು, ದವಡೆ ಅಥವಾ ತೋಳಿನವರೆಗೆ ಹಬ್ಬುವ ನೋವು, ಉಸಿರಾಟದ ಕಷ್ಟ, ಇವು ಗ್ಯಾಸಲ್ಲ. ಸಕ್ಕರೆ ಕಾಯಿಲೆಯವರಲ್ಲಿ, ಹೆಂಗಸರಲ್ಲಿ ನೋವಿಲ್ಲದೆ ಬರೀ ಸುಸ್ತು, ವಾಕರಿಕೆ ಆಗಿಯೂ ಬರಬಹುದು. ಬಿಲ್ಲು ಆಮೇಲೆ ಕಟ್ಟಬಹುದು. ಕೂರಿಸಿ, 108ಕ್ಕೆ ಕರೆ ಮಾಡಿ, ಹತ್ತಿರದ ಹೃದ್ರೋಗ ಸೌಲಭ್ಯವಿರುವ ಆಸ್ಪತ್ರೆಗೆ ಸೇರಿಸಿ ಇಸಿಜಿ ತೆಗೆಸಿ. ನೋವು ಬಂದವರು ತಾವೇ ಕಾರು ಓಡಿಸಿಕೊಂಡು ಹೋಗುವುದು ಬೇಡ, ಮೇಜಿನ ಸುತ್ತ ಗೆಳೆಯರು ಇದ್ದಾರಲ್ಲ.