ಹಾಡು ಏನನ್ನು ಬೇಡುತ್ತದೆ?

ಜಪಾನಿನ ಹಳೆಯ ಜಾಹೀರಾತಿನ ಹಾಡುಗಳನ್ನು ಕುರಿತು ಎರಡು ಬಗೆಯ ಮಾತುಗಳು ಕೇಳಿಬರುವುದುಂಟು. ಸರಕನ್ನು ಮಾರುವುದಕ್ಕಾಗಿ ಕೂಲಿಗೆ ಕಟ್ಟಿದ ಹಾಡು ಹಾಡೇ ಅಲ್ಲ, ಅದನ್ನು ಸಾಹಿತ್ಯದ ಹೊಸ್ತಿಲೊಳಕ್ಕೆ ಬಿಡತಕ್ಕುದಲ್ಲ ಎಂಬುದು ಪಂಡಿತರ ಮಾತು. ಅವು ನಿಷ್ಕಪಟವಾದ ಕಾಲವೊಂದರ ದನಿಗಳು, ಕೇಳಿ ಕಣ್ಣು ತೇವವಾದರೆ ಸಾಕು, ವಿಮರ್ಶೆ ಬೇಡ ಎಂಬುದು ರಸಿಕರ ಮಾತು. ಎರಡೂ ತಪ್ಪೆಂಬುದು ನಮ್ಮ ಪಕ್ಷ. ಪಂಡಿತರು ಹಾಡನ್ನು ಅದರ ಹುಟ್ಟಿನಿಂದ ಅಳೆಯುತ್ತಾರೆ. ರಸಿಕರು ತಮ್ಮ ಬಾಲ್ಯದಿಂದ ಅಳೆಯುತ್ತಾರೆ. ಈ ಹಾಡು ಕೇಳುವವನಿಂದ ಏನನ್ನು ಬೇಡುತ್ತದೆ ಎಂಬ ಪ್ರಶ್ನೆಯನ್ನು ಇಬ್ಬರೂ ಕೇಳುವುದಿಲ್ಲ.

ಮೊದಲು ಪಂಡಿತರ ಆಕ್ಷೇಪವನ್ನು ನೋಡೋಣ. ಕೂಲಿಗೆ ಬರೆದದ್ದರಿಂದಲೇ ಕೃತಿ ಕೀಳಾಗುವುದಾದರೆ ಅರಿಕೇಸರಿಯಿಂದ ಅಗ್ರಹಾರವನ್ನು ಪಡೆದ ಪಂಪನ ಗತಿ ಏನು? ಅರಸನೆಲ್ಲಿ, ಸಾಬೂನೆಲ್ಲಿ ಎನ್ನುವರೋ? ಹಾಗಾದರೆ ಉನ್ನತವಾದ ಹುಟ್ಟುಳ್ಳ ಹಾಡೊಂದನ್ನೇ ಎತ್ತಿಕೊಳ್ಳೋಣ. ಎಂಟನೆಯ ಶತಮಾನದ 'ಮಾನ್ಯೋಶೂ' ಎಂಬ ಮಹಾಸಂಕಲನದ ಪದ್ಯಭಾಗವೊಂದಕ್ಕೆ 1937ರಲ್ಲಿ ನೊಬುತೊಕಿ ಕಿಯೋಷಿ ರಾಗವನ್ನು ಕಟ್ಟಿದನು. 'ಉಮಿ ಯುಕಾಬಾ' ಎಂಬ ಆ ಹಾಡು ಯುದ್ಧಕಾಲದ ರೇಡಿಯೋದಲ್ಲಿ, ಸೈನ್ಯವೊಂದು ಕಡೆಯ ಆಳಿನವರೆಗೂ ಮಡಿಯಿತೆಂಬ ವಾರ್ತೆಗೆ ಮುನ್ನುಡಿಯಾಯಿತು. ಅದರ ಹಿಂದೆ ವರ್ತಕನಿರಲಿಲ್ಲ, ಲಾಭವಿರಲಿಲ್ಲ. ಶುದ್ಧವಾದ ಪ್ರಾಚೀನ ಕಾವ್ಯವೇ ಇದ್ದಿತು. ಆದರೆ ಅದು ಬೇಡಿದ್ದು ಕೇಳುಗನ ಪ್ರಾಣವನ್ನು.

ಆ ಯುದ್ಧ 1945ರಲ್ಲಿ ಮುಗಿಯಿತು. 1951ರಲ್ಲಿ ಖಾಸಗಿ ರೇಡಿಯೋ ಕೇಂದ್ರಗಳು ಅಲ್ಲಿ ಪ್ರಾರಂಭವಾದುವು. ಕೊನಿಷಿರೊಕು ಎಂಬ ಕ್ಯಾಮರಾ ಕಂಪನಿಗಾಗಿ ಅದೇ ವರ್ಷ ಮಿಕಿ ತೊರಿರೋ ಕಟ್ಟಿದ ಹಾಡನ್ನೇ ಜಪಾನಿನ ಮೊದಲ ಜಾಹೀರಾತಿನ ಹಾಡೆಂದು ಎಣಿಸುವರು. ಹವ್ಯಾಸಕ್ಕೆ ಚಿತ್ರ ತೆಗೆಯುವವನೊಬ್ಬನು ತಾನು ತೆಗೆದುದೆಲ್ಲ ಮಸುಕಾಯಿತೆಂದು ತನ್ನನ್ನೇ ಹಾಸ್ಯಮಾಡಿಕೊಳ್ಳುವ ಹಾಡು ಅದು. ಕಂಪನಿಯ ಹೆಸರು ಸಹ ಅದರಲ್ಲಿಲ್ಲ. ಮಿಕಿ ಸಾಮಾನ್ಯನಲ್ಲ. 1947ರಿಂದ 1952ರವರೆಗೆ ನಡೆದ ರೇಡಿಯೋ ಕಾರ್ಯಕ್ರಮವೊಂದರಲ್ಲಿ ಆಳುವವರನ್ನು ವಿಡಂಬಿಸಿ ಹೆಸರಾದವನು. ಪ್ರಾಣ ಬೇಡುವ ಹಾಡನ್ನು ಕೇಳಿ ಬೆಂದ ಜನರಿಗೆ, ನಿನ್ನ ತಪ್ಪಿಗೆ ನೀನೇ ನಗು ಎಂದು ಹೇಳುವ ಹಾಡು ಎಷ್ಟು ತಂಪಾಗಿದ್ದಿರಬೇಕು! ಇದನ್ನು ಕೀಳೆನ್ನುವವರು ಆ ಎರಡು ಹಾಡುಗಳನ್ನೂ ಅಕ್ಕಪಕ್ಕದಲ್ಲಿಟ್ಟು ತೂಗಿ ನೋಡಲಿ.

ನೊಸಾಕಾ ಅಕಿಯುಕಿಯ ಸಂಗತಿ ಇನ್ನೂ ಮನನೀಯವಾದುದು. ಯುದ್ಧ ಮುಗಿದ ಬೆನ್ನಿಗೇ ಪುಟ್ಟ ತಂಗಿಯನ್ನು ಹಸಿವಿಗೆ ಒಪ್ಪಿಸಿದವನು ಆತ. ಆ ದುಃಖದಿಂದ 'ಹೊತಾರು ನೋ ಹಾಕಾ' ಎಂಬ ಕಥೆಯನ್ನು 1967ರಲ್ಲಿ ಬರೆದನು. ಅದಕ್ಕೆ ಮೊದಲು, 1961ರಲ್ಲಿ, ಇತೋ ಎಂಬ ಬಿಸಿನೀರಿನ ಬುಗ್ಗೆಗಳ ಊರಿನ ಹಾತೊಯಾ ಹೋಟೆಲಿನ ಹಾಡಿಗೆ ಮಾತು ಕಟ್ಟಿದವನೂ ಆತನೇ. ರಾಗ ಇಜುಮಿ ತಾಕುವಿನದು. ಹೋಟೆಲಿನ ದೂರವಾಣಿಯ ಸಂಖ್ಯೆ 4126. ಜಪಾನೀ ಅಂಕಿಗಳನ್ನು ಒಂದು ಬಗೆಯಲ್ಲಿ ಉಚ್ಚರಿಸಿದರೆ ಅದಕ್ಕೆ 'ಒಳ್ಳೆಯ ಸ್ನಾನ' ಎಂದು ಅರ್ಥ ಬರುತ್ತದೆ. ಹಸಿದವರ ಕಥೆಯನ್ನು ಬರೆದ ಕೈ, ದಣಿದವರನ್ನು ಬೆಚ್ಚನೆಯ ನೀರಿಗೆ ಕರೆಯುವ ಹಾಡನ್ನೂ ಬರೆಯಿತು. ಎರಡನೆಯದನ್ನು ಮುಚ್ಚಿಟ್ಟು ಮೊದಲನೆಯದನ್ನು ಮಾತ್ರ ಓದುವುದು ಆ ಲೇಖಕನ ಅರ್ಧವನ್ನೇ ಓದಿದಂತೆ.

ಇಷ್ಟು ಕೇಳಿ ರಸಿಕರು ಚಪ್ಪಾಳೆ ತಟ್ಟುವರು. ಅವರಿಗೂ ಒಂದು ಮಾತಿದೆ. 1989ರಲ್ಲಿ 'ರೀಗೇನ್' ಎಂಬ ಶಕ್ತಿಪಾನೀಯದ ಜಾಹೀರಾತು ಬಂದಿತು. ಜಪಾನಿನ ನೌಕರನೇ, ಇಪ್ಪತ್ತನಾಲ್ಕು ಗಂಟೆಯೂ ಕಾದಾಡಬಲ್ಲೆಯಾ ಎಂಬುದು ಅದರ ಹಾಡಿನ ಪ್ರಶ್ನೆ. ಹುರುಪಿನ ಆ ರಾಗವನ್ನು ದೇಶವೆಲ್ಲ ಹಾಡಿತು. ಆದರೆ ಅದಕ್ಕೆ ಒಂದು ವರ್ಷ ಹಿಂದೆಯೇ, 1988ರಲ್ಲಿ, ಅತಿದುಡಿಮೆಯಿಂದ ಸತ್ತವರ ಮನೆಯವರಿಗಾಗಿ ಅಲ್ಲಿನ ವಕೀಲರು ದೂರವಾಣಿಯ ಸಹಾಯಕೇಂದ್ರವನ್ನು ತೆರೆದಿದ್ದರು. ಎರಡು ವರ್ಷಗಳ ಮೇಲೆ, 1991ರಲ್ಲಿ, ದೊಡ್ಡ ಜಾಹೀರಾತು ಸಂಸ್ಥೆಯೊಂದರ ತರುಣ ನೌಕರನು ನಿದ್ರೆಗೆಟ್ಟು ದುಡಿದು ಪ್ರಾಣ ಕಳೆದುಕೊಂಡನು. ಹೊಣೆ ಸಂಸ್ಥೆಯದೆಂದು 2000ದಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿತು. ಹಾಡುಗಳು ಹುಟ್ಟುವ ಮನೆಯೊಳಗೇ ಸಾವು ಬಂದಿತ್ತು. ಅತಿದುಡಿಮೆಯ ಸಾವನ್ನು ತಡೆಯುವ ಕಾನೂನು 2014ರಲ್ಲಿ ಆಯಿತು. ಅದೇ ವರ್ಷ ಅದೇ ಪಾನೀಯದ ಹೆಸರಿನಲ್ಲಿ ಬಂದ ಹೊಸ ಜಾಹೀರಾತು ಬರಿಯ ಮೂರು ನಾಲ್ಕು ಗಂಟೆಗಳ ಕಾದಾಟವನ್ನು ಕೇಳಿ ನಗೆಯಾಡಿತು!

ಈಗ ಹೇಳಿರಿ: 1989ರ ಹಾಡನ್ನು ಸುವರ್ಣಕಾಲದ ಸವಿನೆನಪೆಂದು ಸವಿಯುವವರು ಏನನ್ನು ಮರೆಯುತ್ತಿದ್ದಾರೆ? ಹಾಡು ಒಂದು ಸೀಸೆಯ ಬೆಲೆಯನ್ನು ಮಾತ್ರ ಬೇಡಿದ್ದರೆ ನಮ್ಮ ತಕರಾರಿರಲಿಲ್ಲ. ಅದು ರಾತ್ರಿಯ ನಿದ್ರೆಯನ್ನೂ ಬೇಡಿತು, ಕೊಡಲಾರದವನನ್ನು ಅಳುಕುವಂತೆ ಮಾಡಿತು. ವೇಷ ಬೇರೆಯಾದರೂ ಯುದ್ಧಕಾಲದ ಬೇಡಿಕೆಯೇ ಅಲ್ಲಿ ಮರಳಿ ಬಂದಿತು. ಹಾಡಿನ ಸೊಗಸು ಇದನ್ನು ಅಳಿಸಲಾರದು. ಸೊಗಸಾಗಿದ್ದುದರಿಂದಲೇ ಬೇಡಿಕೆಯು ಮನಸ್ಸಿಗೆ ಸುಲಭವಾಗಿ ಇಳಿಯಿತು.

ಹಾಗೆಂದು ಎಲ್ಲವನ್ನೂ ಒಂದೇ ಗಾಣಕ್ಕೆ ಹಾಕಲಾಗದು. 1973ರಿಂದ ಕೇಳಿಬಂದ ಹಿಟಾಚಿಯ ಮರದ ಹಾಡಿದೆ. ಮಾತು ಇತೋ ಅಕಿರನದು, ರಾಗ ಕೊಬಯಾಷಿ ಆಸೇಯದು. ಇದು ಯಾವ ಮರವೋ ಎಂದು ಬೆರಗಾಗುವುದೇ ಅದರ ಹುರುಳು. ಜಾಹೀರಾತಿನ ಚಿತ್ರದಿಂದ ಪ್ರಸಿದ್ಧವಾದ ಆ ಮರ ಹವಾಯಿಯ ಮೊಅನಲುವಾ ಉದ್ಯಾನದಲ್ಲಿದೆ. ಬೆಂಗಳೂರಿನ ರಸ್ತೆಗಳಿಗೆ ನೆರಳು ಕೊಡುವ ಮಳೆಮರದ ಜಾತಿಯೇ ಅದು. ಕೇಳುಗನು ಮರವನ್ನು ತಲೆಯೆತ್ತಿ ನೋಡಲಿ ಎಂಬುದಕ್ಕಿಂತ ಹೆಚ್ಚಿನದನ್ನು ಆ ಹಾಡು ಬೇಡುವುದಿಲ್ಲ. ಅದನ್ನು ಕಟ್ಟಿದವರಿಬ್ಬರೂ 2021ರಲ್ಲಿ ತೀರಿಕೊಂಡರು. ಹಾಡನ್ನು ಬಲ್ಲವರೆಲ್ಲರೂ ಅವರ ಹೆಸರುಗಳನ್ನು ಬಲ್ಲರೆ?

ಆದುದರಿಂದ ನಮ್ಮ ಸಿದ್ಧಾಂತವಿಷ್ಟು. ಪಂಡಿತರು ಈ ಹಾಡುಗಳನ್ನು ಒಳಕ್ಕೆ ಬಿಟ್ಟುಕೊಳ್ಳಲಿ. ಕವಿಯ ಹೆಸರು, ವರ್ಷ, ಮಾರಿದ ಸರಕು ಇವನ್ನು ಹಾಡಿನ ಪಕ್ಕದಲ್ಲಿ ಬರೆದಿಡಲಿ. ರಸಿಕರು ಧಾರಾಳವಾಗಿ ನೆನೆಯಲಿ. ಆದರೆ ನೆನೆಯುವಾಗ ಬೆಲೆಯ ಪಟ್ಟಿಯನ್ನು ಹರಿದೆಸೆಯದಿರಲಿ. ಆ ಬೆಲೆಯನ್ನು ತೆತ್ತವರು ಕೆಲವರು ಇಂದು ಹಾಡನ್ನು ಕೇಳುವುದಕ್ಕೆ ಉಳಿದಿಲ್ಲ.