ಬಚ್ಚಿಟ್ಟುಕೋಬೇಡ, ಕೂಗು ಪುಟ್ಟಿ!

ನನ್ನ ಮೊಮ್ಮಗಳಿಗೆ ಇನ್ನೂ ಮೂರು ತುಂಬಿಲ್ಲ. ಕಣ್ಣಾಮುಚ್ಚಾಲೆ ಎಂದರೆ ಅವಳಿಗೆ ಪ್ರಾಣ. ಮಂಚದ ಕೆಳಗೆ ನುಸುಳಿದಳೆಂದರೆ ಎಷ್ಟು ಕರೆದರೂ ಉಸಿರೆತ್ತುವುದಿಲ್ಲ. ಹಾಗೆ ಕೂರಬೇಕೆಂದು ಕಲಿಸಿದವನು ನಾನೇ. ಆ ಪಾಠಕ್ಕೆ ಇನ್ನೊಂದು ಪಾಠ ಸೇರಿಸಬೇಕೆಂದು ತಿಳಿದದ್ದು ಅಗ್ನಿಶಾಮಕ ಠಾಣೆಯಲ್ಲಿ.

ರಸ್ತೆಯಲ್ಲಿ ಕೆಂಪು ಗಾಡಿ ಹೋದಾಗಲೆಲ್ಲ "ತಾತ, ಬೆಂಕಿ ಗಾಡಿ!" ಎಂದು ಕುಣಿಯುತ್ತಿದ್ದಳು. ಸರಿ, ಹತ್ತಿರದಿಂದಲೇ ನೋಡಲಿ ಎಂದು ಠಾಣೆಗೆ ಹೋಗಿ ಮೊದಲೇ ಅನುಮತಿ ಕೇಳಿ ಬಂದೆ. ಒಂದು ಬೆಳಿಗ್ಗೆ ಅವಳನ್ನೂ ಪಕ್ಕದ ಮನೆಯ ಇಬ್ಬರು ಪುಟಾಣಿಗಳನ್ನೂ ಕರೆದುಕೊಂಡು ಹೊರಟೆವು. ಮೂರು ಮಕ್ಕಳಿಗೆ ಮೂವರು ದೊಡ್ಡವರು. ಲೆಕ್ಕ ಸರಿಯಾಗಿರಬೇಕಲ್ಲ!

ಮೊದಲು ಎಲ್ಲ ಚೆನ್ನಾಗಿಯೇ ಇತ್ತು. ಗಾಡಿಯ ದೊಡ್ಡ ಚಕ್ರ ಮುಟ್ಟಿದರು, ಸುರುಳಿ ಸುತ್ತಿದ ಪೈಪು ನೋಡಿದರು. ಆಗ ಸಿಬ್ಬಂದಿಯೊಬ್ಬರು ಹೊಗೆಯೊಳಗೆ ಹೋಗುವಾಗ ಧರಿಸುವ ಮುಖವಾಡ ಹಾಕಿ, ಬೆನ್ನಿಗೆ ಗಾಳಿಯ ಸಿಲಿಂಡರ್ ಏರಿಸಿ ಬಂದರು. ಕಣ್ಣಿನ ಜಾಗದಲ್ಲಿ ಗಾಜು, ಉಸಿರೆಳೆದರೆ ಬುಸ್ ಬುಸ್ ಸದ್ದು. ಮೊಮ್ಮಗಳು ಕಿಟಾರನೆ ಕಿರುಚಿ ಮೇಜಿನ ಕೆಳಗೆ ಸೇರಿಕೊಂಡಳು. ಕರೆದರೆ ಉತ್ತರವಿಲ್ಲ. ನನಗೆ ನಾಚಿಕೆಯಾಯಿತು.

ಅವರು ಮುಖವಾಡ ತೆಗೆದು ಹೇಳಿದರು: "ಬೇಜಾರು ಮಾಡ್ಕೋಬೇಡಿ ಸರ್. ಬೆಂಕಿ ಬಿದ್ದ ಮನೇಲೂ ಮಕ್ಕಳು ಹೀಗೇ ಮಾಡ್ತವೆ. ಮಂಚದ ಕೆಳಗೋ ಬೀರು ಒಳಗೋ ಅಡಗಿಕೊಳ್ತವೆ. ನಾವು ಹುಡುಕ್ಕೊಂಡು ಹೋದ್ರೆ ನಮ್ಮನ್ನೇ ಭೂತ ಅಂದ್ಕೊಂಡು ಸದ್ದೇ ಮಾಡಲ್ಲ."

ನನ್ನ ಎದೆ ಧಸಕ್ಕೆಂದಿತು. ಹೊಗೆ ತುಂಬಿದ ಕೋಣೆಯಲ್ಲಿ ಕಣ್ಣು ಕಾಣುವುದಿಲ್ಲ. ಮಗುವಿನ ದನಿಯೇ ದಾರಿ ತೋರಿಸಬೇಕು. ಆ ದನಿಯನ್ನು ಅಡಗಿಸುವುದನ್ನಲ್ಲವೇ ನಾನು ಕಲಿಸಿದ್ದು!

ಆ ಪುಣ್ಯಾತ್ಮರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತರು. ಬೂಟು, ಕೋಟು, ಹೆಲ್ಮೆಟ್ ಎಂದು ಹೆಸರು ಹೇಳುತ್ತ ಒಂದೊಂದನ್ನೇ ತೊಟ್ಟರು. ಕೊನೆಗೆ ಮುಖವಾಡ ಅರ್ಧ ಏರಿಸಿ, "ಪುಟ್ಟೀ, ಒಳಗೆ ಯಾರಿದಾರೆ?" ಎಂದರು. ಮೇಜಿನ ಕೆಳಗಿಂದ ಸಣ್ಣ ದನಿ ಬಂತು: "ಮಾಮ." ಐದು ನಿಮಿಷದಲ್ಲಿ ಹೊರಗೆ ಬಂದು ಗಾಜನ್ನು ಮುಟ್ಟಿ ನಕ್ಕಳು.

ಶಾಲೆಗೆ ಹೋಗುವ ಮಕ್ಕಳೇ, ನೀವು ಇನ್ನೂ ಒಂದು ಸಂಗತಿ ತಿಳಿದಿರಬೇಕು. ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ನಮ್ಮ ದೇಶದಲ್ಲಿ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. 1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ 'ಫೋರ್ಟ್ ಸ್ಟಿಕಿನ್' ಎಂಬ ಹಡಗಿಗೆ ಬೆಂಕಿ ಬಿತ್ತು. ಅದರಲ್ಲಿ ಹತ್ತಿಯ ಮೂಟೆಗಳ ಜೊತೆ ಸಿಡಿಮದ್ದೂ ಇತ್ತು, ಚಿನ್ನದ ಗಟ್ಟಿಗಳೂ ಇದ್ದವು. ಸಂಜೆ ನಾಲ್ಕರ ಹೊತ್ತಿಗೆ ಹಡಗು ಸ್ಫೋಟಿಸಿತು. ಬೆಂಕಿ ಆರಿಸಲು ಹೋದವರಲ್ಲಿ 66 ಮಂದಿ ಮಡಿದರು. ಅವರ ನೆನಪಿಗೆ ಈ ಸಪ್ತಾಹ. ಠಾಣೆಗೆ ಹೋದಾಗ ಅಲ್ಲಿಯವರಿಗೆ ಒಂದು ನಮಸ್ಕಾರ ಹೇಳಿ ಬನ್ನಿ.

ಅಜ್ಜ ಅಜ್ಜಿಯರಿಗೆ ಅನುಭವದ ಎರಡು ಮಾತು. ಮೊದಲೇ ಕೇಳಿಕೊಂಡು ಹೋಗಿ. ಅರ್ಧ ಗಂಟೆ ಸಾಕು. ಸೈರನ್ ಹಾಕುವ ಮುನ್ನ ಹೇಳಿ ಎಂದು ಕೋರಿಕೊಳ್ಳಿ, ಮಕ್ಕಳ ಕಿವಿ ಮುಚ್ಚಬಹುದು. ನಾವಿದ್ದಾಗಲೇ ಕರೆ ಬಂದರೆ ಮಕ್ಕಳನ್ನು ಎತ್ತಿಕೊಂಡು ತಕ್ಷಣ ಪಕ್ಕಕ್ಕೆ ಸರಿಯಬೇಕು.

ಮನೆಗೆ ಬಂದ ಮೇಲೂ ಕೆಲಸವಿದೆ. ಹೊಗೆ ಮೇಲಕ್ಕೇರುತ್ತದೆ, ಉಸಿರಾಡಲು ಆಗುವಂಥ ಗಾಳಿ ನೆಲದ ಹತ್ತಿರ ಉಳಿದಿರುತ್ತದೆ. ಆದ್ದರಿಂದ ಅಂಬೆಗಾಲಿಟ್ಟು ಬಾಗಿಲಿಗೆ ಹೋಗುವುದನ್ನು ಆಟದಂತೆ ಆಡಿಸಿ. ಆಟಿಕೆ ತರಲು ವಾಪಸು ಹೋಗಬಾರದೆಂದು ಹೇಳಿ. ದೊಡ್ಡ ಮಕ್ಕಳಿಗೆ 101 ಮತ್ತು 112 ಬಾಯಿಪಾಠವಾಗಿರಲಿ, ಮನೆಯ ವಿಳಾಸವೂ ಸಹ. ಆದರೆ ಮೊದಲು ಹೊರಗೆ ಬರಬೇಕು, ಆಮೇಲೆ ಫೋನು.

ನಮ್ಮ ಮನೆಯಲ್ಲಿ ಈಗ ಎರಡು ಆಟ. ಕಣ್ಣಾಮುಚ್ಚಾಲೆಯಲ್ಲಿ ಬಚ್ಚಿಟ್ಟುಕೊಳ್ಳಬೇಕು, 'ಬೆಂಕಿ ಮಾಮ' ಆಟದಲ್ಲಿ ಕೂಗಬೇಕು. ಮೊನ್ನೆ ರಾತ್ರಿ ಮಫ್ಲರ್ ಸುತ್ತಿಕೊಂಡು ಬುಸ್ ಬುಸ್ ಎನ್ನುತ್ತ ಕೋಣೆಗೆ ಹೋದೆ. ಮಂಚದ ಆಚೆಯಿಂದ ಮನೆಯೇ ಹಾರಿಹೋಗುವಂತೆ ಕೂಗು ಬಂತು: "ಮಾಮಾ, ನಾನಿಲ್ಲಿದೀನಿ!"

ನನ್ನವಳು ಅಡುಗೆಮನೆಯಿಂದ, "ಪಕ್ಕದ ಮನೆಯವರು ಮಲಗಿರ್ತಾರೆ ಕಣ್ರೀ, ಮೆಲ್ಲಗೆ" ಎಂದಳು. ಈ ಒಂದು ಆಟದಲ್ಲಿ ಮೆಲ್ಲಗೆ ಎನ್ನುವ ಮಾತಿಲ್ಲ ಎಂದೆ.