ಗೋಡೆಗೆ ವಿಮೆ ಉಂಟು, ಗೋಡೆಯೊಳಗಿನವರಿಗೆ?

2024ರ ಅಕ್ಟೋಬರ್ 24ರ ಬೆಳಿಗ್ಗೆ ಪುಣೆಯ ಪಕ್ಕದ ಭೋಸರಿಯಲ್ಲಿ, ಸದ್ಗುರುನಗರದ ಕೂಲಿಕಾರರ ವಸತಿಯೊಂದರ ನೀರಿನ ಟ್ಯಾಂಕ್ ಒಡೆದು ಕುಸಿಯಿತು. ಐವರು ಕಾರ್ಮಿಕರು ಸತ್ತರು. ಇಂಥ ಸುದ್ದಿ ಬಂದಾಗ ಟ್ಯಾಂಕ್ ಕಟ್ಟಿದವರು ಯಾರು ಎಂದು ಎಲ್ಲರೂ ಕೇಳುತ್ತಾರೆ. ಸತ್ತವರ ಮನೆಗೆ ಪರಿಹಾರ ಯಾವ ಲೆಕ್ಕದಿಂದ ಬರಬೇಕು ಎಂದು ಕೇಳುವವರು ಕಡಿಮೆ.

ಭೋಸರಿಯ ಕಾರ್ಖಾನೆಗಳಿಗೆ ದುಡಿಯಲು ದೇಶದ ನಾನಾ ಕಡೆಯಿಂದ ಜನ ಬರುತ್ತಾರೆ. ಕಲಬುರಗಿ, ವಿಜಯಪುರ, ಬೀದರ್ ಕಡೆಯವರೂ ಇದ್ದಾರೆ. ಬಂದವರಿಗೆ ಮೊದಲು ಬೇಕಾದದ್ದು ಒಂದು ಖೋಲಿ. ಮಹಡಿ ಮೇಲೆ ಮಹಡಿ ಏರಿಸಿ ಖೋಲಿಗಳನ್ನು ಬಾಡಿಗೆಗೆ ಕೊಡುವುದೇ ಇಲ್ಲಿ ಎಷ್ಟೋ ಮನೆತನಗಳ ಆದಾಯ. ಡಿಪಾಸಿಟ್ ಎಣಿಸುವಾಗ ಕಟ್ಟಡಕ್ಕೆ ವಿಮೆ ಇದೆಯೇ ಎಂದು ಯಾರೂ ಕೇಳುವುದಿಲ್ಲ. ಕೇಳಿ, ಇದೆ ಎಂಬ ಉತ್ತರ ಬಂದರೂ ಬಾಡಿಗೆದಾರನಿಗೆ ಅದರಿಂದ ಹೆಚ್ಚೇನೂ ಆಗುವುದಿಲ್ಲ.

2021ರ ಏಪ್ರಿಲ್ 1ರಿಂದ ಮನೆಗಳಿಗೆ 'ಭಾರತ್ ಗೃಹ ರಕ್ಷಾ' ಎಂಬ ಏಕರೂಪದ ಪಾಲಿಸಿ ಜಾರಿಯಲ್ಲಿದೆ. ಒಳ್ಳೆಯ ಪಾಲಿಸಿಯೇ. ಬೆಂಕಿ, ಭೂಕಂಪ, ನೆರೆ ಎಲ್ಲವೂ ಅದರಲ್ಲಿವೆ. ನೀರಿನ ಟ್ಯಾಂಕ್ ಒಡೆದು ಮನೆಗಾಗುವ ಹಾನಿಯೂ ಇದೆ. ಮನೆ ವಾಸಕ್ಕೆ ಬಾರದಂತಾದರೆ ಮಾಲೀಕರಿಗೆ ತಪ್ಪಿದ ಬಾಡಿಗೆಯೂ ಸಿಗುತ್ತದೆ. ಬೇಕಿದ್ದರೆ ಅಂಥ ಅವಘಡದಲ್ಲಿ ಪಾಲಿಸಿದಾರರು ಮತ್ತು ಅವರ ಗಂಡ ಅಥವಾ ಹೆಂಡತಿ ಸತ್ತರೆ ತಲಾ 5 ಲಕ್ಷ ರೂಪಾಯಿ ಬರುವಂತೆ ಮಾಡಿಕೊಳ್ಳಬಹುದು. ಬಾಡಿಗೆದಾರ ಆ ಲೆಕ್ಕದಲ್ಲಿ ಇಲ್ಲ. ತನ್ನ ಪಾತ್ರೆ, ಟಿವಿಗೆ ಅವನೇ ಬೇರೆ ಪಾಲಿಸಿ ಮಾಡಿಸಬಹುದು, ಅಷ್ಟೆ. ಮಾಲೀಕರ ತಪ್ಪಿನಿಂದ ಅವನ ಕಾಲು ಮುರಿದರೆ ಪರಿಹಾರ ಕೊಡುವ ವಿಮೆಯೇ ಬೇರೆ: ಹೊಣೆಗಾರಿಕೆ ವಿಮೆ. ಅದರ ಭಾಷೆಯಲ್ಲಿ ಬಾಡಿಗೆದಾರ 'ಮೂರನೆಯ ವ್ಯಕ್ತಿ'. ತಿಂಗಳು ತಿಂಗಳು ಹಣ ಕೊಟ್ಟು ಅದೇ ಮಾಡಿನ ಕೆಳಗೆ ಮಲಗುವವನು ಮೂರನೆಯವನು! ಆ ವಿಮೆಯಾದರೂ ಮಾಲೀಕರ ಇಷ್ಟಕ್ಕೆ ಬಿಟ್ಟದ್ದು.

ಅದೇ ಕಟ್ಟಡದ ಮೆಟ್ಟಿಲ ಬುಡದಲ್ಲಿ ನಿಂತ ಸ್ಕೂಟರ್ ನೋಡಿ. ಮೂರನೆಯ ವ್ಯಕ್ತಿಯ ವಿಮೆ ಇಲ್ಲದೆ ಅದನ್ನು ರಸ್ತೆಗೆ ಇಳಿಸುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆ ಬಿಡುವುದಿಲ್ಲ. ಭೋಪಾಲ ದುರಂತದ ನಂತರ, 1991ರಲ್ಲಿ, ಅಪಾಯಕಾರಿ ರಾಸಾಯನಿಕ ಇಟ್ಟುಕೊಳ್ಳುವ ಕಾರ್ಖಾನೆಗಳಿಗೂ ಇಂಥ ವಿಮೆ ಕಡ್ಡಾಯವಾಯಿತು. ಚಕ್ರದಿಂದ, ವಿಷದಿಂದ ಇನ್ನೊಬ್ಬರಿಗೆ ಅಪಾಯವಿದೆ ಎಂದು ಕಾನೂನು ಒಪ್ಪಿದೆ. ಬಾಡಿಗೆ ಕಟ್ಟಡವನ್ನೂ ಆ ಸಾಲಿಗೆ ಸೇರಿಸಬೇಕು.

ಇದಕ್ಕೆ ಎರಡು ಆಕ್ಷೇಪ ಬರುತ್ತವೆ. ಒಂದು, ಪ್ರೀಮಿಯಂ ಬಾಡಿಗೆಗೆ ಸೇರುತ್ತದೆ. ನಿಜ, ಸೇರುತ್ತದೆ. ಆದರೆ ಅದು ಖೋಲಿಗಳಿಗೆಲ್ಲ ಹಂಚಿಹೋಗುವ ಖರ್ಚು. ಈಗ ಇಡೀ ಭಾರ ಬೀಳುವುದು ಸತ್ತವನ ಸಂಸಾರದ ಮೇಲೆ. ಎರಡನೆಯದು ಗಟ್ಟಿ ಆಕ್ಷೇಪ. ಇಂಥ ಊರುಗಳಲ್ಲಿ ಅನುಮತಿ ಇಲ್ಲದ ಕಟ್ಟಡಗಳು ಬಹಳ. ವಿಮಾ ಕಂಪನಿ ಅದನ್ನೇ ನೆಪ ಮಾಡಿ ಕೈ ತೊಳೆದುಕೊಂಡರೆ? ಉತ್ತರ ವಾಹನ ವಿಮೆಯಲ್ಲೇ ಇದೆ. ಚಾಲಕನ ಲೈಸೆನ್ಸ್‌ನಲ್ಲಿ ದೋಷವಿದ್ದರೂ ಗಾಯಗೊಂಡವನಿಗೆ ಕಂಪನಿ ಮೊದಲು ಹಣ ಕೊಡಬೇಕು, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಬಹುದು ಎಂಬ ದಾರಿಯನ್ನು 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೋರಿಸಿದೆ. ಮನೆಗೂ ಅದೇ ನಿಯಮ ಬರಲಿ. ಕೊಡಬೇಕಾಗಿ ಬರುತ್ತದೆ ಎಂದು ಗೊತ್ತಿರುವ ಕಂಪನಿ ಟ್ಯಾಂಕಿನ ಗೋಡೆಯನ್ನು ಮೊದಲೇ ತಟ್ಟಿ ನೋಡುತ್ತದೆ.

ಹೊಸ ಕಚೇರಿಯೇನೂ ಬೇಕಿಲ್ಲ. ಮಹಾರಾಷ್ಟ್ರದ 1999ರ ಬಾಡಿಗೆ ಕಾಯ್ದೆ ಕರಾರುಪತ್ರದ ನೋಂದಣಿಯನ್ನು ಕಡ್ಡಾಯ ಮಾಡಿದೆ. ಅದರ ಹೊಣೆಯೂ ಮಾಲೀಕರದ್ದೇ. ಆ ಪತ್ರಕ್ಕೆ ಬಾಡಿಗೆದಾರನ ಫೋಟೊ, ಆಧಾರ್, ಹೆಬ್ಬೆಟ್ಟು ಎಲ್ಲ ಬೇಕು. ಕಟ್ಟಡದ ಹೊಣೆಗಾರಿಕೆ ಪಾಲಿಸಿಯ ನಂಬರಿಗೂ ಅದರಲ್ಲಿ ಒಂದು ಸಾಲು ಬಿಡಬಹುದು.